ಅವ್ವನ ಸೀರೆಯುಟ್ಟು ನಾಟಿ ಸಾಲಿಗೆ

ನನ್ನ ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ನಾವಾಗಿ ಹೇಳದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೂ ಅರ್ಧ ಜನ ನಂಬುತ್ತಿರಲಿಲ್ಲ. ಅವಳು ಅಪ್ಪನ ಕಡೆಯವರ ಹಾಗೆ ಎತ್ತರಕ್ಕೂ ಅಗಲಕ್ಕೂ ಬೆಳೆದಳು. ನಾನು ಅವ್ವನ ತಾಯಿಯನ್ನು ಹೋತು ಗಿಡ್ಡಕ್ಕೇ ನಿಂತುಬಿಟ್ಟೆ. ಅಪ್ಪನ ಜೊತೆ ಕೃಷ್ಣರಾಜನಗರದ ಸಂತೆಗೆ ಹೋದರೆ ಬಳೆಗಾರ ಮೊದಲು ತಂಗಿಯ ಕೈ ಹಿಡಿದು, "ದೊಡ್ಡಮ್ಮಣ್ಣಿಗೆ ಯಾವ ಬಣ್ಣ?" ಅನ್ನುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ಕೂಸಿಗೆ ಈ ಚಿಕ್ಕವು ಆಯ್ತವೆ" ಎಂದು ತೊಟ್ಟಿಲ ಮಕ್ಕಳಿಗೆ ಹಾಕುವಂಥ ಬಳೆಗಳನ್ನು ಎತ್ತಿಕೊಳ್ಳುತ್ತಿದ್ದ. ಅಪ್ಪ ನಗುತ್ತಿದ್ದ. ನಾನು ಊರು ಮುಟ್ಟುವ ತನಕ ಗಾಡಿಯ ಹಿಂದುಗಡೆ ಕೂತು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ.

ನಮ್ಮೂರು ಭೇರ್ಯಕ್ಕೆ ಹತ್ತಿರ. ನಾಲೆ ನೀರಿನ ಗದ್ದೆಗಳು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಆಮೇಲೆ ಓದಿದ್ದು ಅಂಗಡಿಯಿಂದ ಬೆಲ್ಲ, ಕಡಲೆ ಕಟ್ಟಿಕೊಂಡು ಬಂದ ಕಾಗದದ ಮೇಲಿನ ಅಕ್ಷರಗಳನ್ನೇ. ಇದನ್ನು ಬರೆಯಲು ಕೂತಾಗ ಒತ್ತಕ್ಷರಗಳು ಕೈಕೊಡುತ್ತವೆ. ಆದರೂ ಬರೆದೇ ಬರೆಯುತ್ತೇನೆ. ಎಂದೋ ಬರೆಯಬೇಕಿತ್ತು.

ಆಗ ನನಗೆ ಹದಿಮೂರು ಇರಬಹುದು. ಬೇಗ ದೊಡ್ಡವಳಂತೆ ಕಾಣಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ. ಕೊಟ್ಟಿಗೆಯ ಅಡ್ಡತೊಲೆಗೆ ಜೋತುಬಿದ್ದರೆ ಮೈ ಉದ್ದ ಆಗುತ್ತದೆ ಎಂದು ಯಾರೋ ಹೇಳಿದ್ದರು. ದಿನವೂ ಬೆಳಿಗ್ಗೆ ಸಗಣಿ ಬಾಚುವ ಮೊದಲು ಜೋತುಬೀಳುತ್ತಿದ್ದೆ. ಎತ್ತುಗಳು ತಿರುಗಿ ನೋಡುತ್ತಿದ್ದವು. ತಂಗಿ ಬಾಗಿಲಲ್ಲಿ ನಿಂತು, "ಅಕ್ಕ, ಕೈ ಮಾತ್ರ ಉದ್ದ ಆದ್ರೆ ಏನ್ ಮಾಡ್ತೀಯೇ? ಕೋತಿ ತರ ಆಯ್ತೀಯ ಕಣೇ" ಅನ್ನುತ್ತಿದ್ದಳು. ಅವಳಿಗೆ ಅದು ಬರೀ ತಮಾಷೆ. ನನಗೆ ತಮಾಷೆಯಾಗಿರಲಿಲ್ಲ.

ನಮ್ಮ ಕಡೆ ನಾಟಿಗೆ ಮುಯ್ಯಾಳು ಪದ್ಧತಿ ಇತ್ತು. ನಮ್ಮ ಮನೆಯ ಹೆಂಗಸರು ನಿಮ್ಮ ಗದ್ದೆಗೆ ಬಂದು ನೆಟ್ಟರೆ, ನಮ್ಮ ನಾಟಿಯ ದಿನ ನಿಮ್ಮ ಮನೆಯವರು ಅಷ್ಟೇ ಆಳು ಬರಬೇಕು. ಅಲ್ಲಿ ಕೂಲಿಯ ಮಾತಿಲ್ಲ, ಆಳಿಗೆ ಆಳು. ಅದಕ್ಕೇ ಎಂಥ ಆಳನ್ನು ಕಳಿಸುತ್ತೀರಿ ಅನ್ನುವುದು ದೊಡ್ಡ ಮಾತಾಗುತ್ತಿತ್ತು. ಸೀರೆ ಉಟ್ಟವರು ಕೆಸರಿಗಿಳಿದು ಸಾಲಿನಲ್ಲಿ ನಿಂತು ನೆಡಬೇಕು. ಲಂಗದ ಹುಡುಗಿಯರು ಬದುವಿನ ಮೇಲೆ ಓಡಾಡಿಕೊಂಡು ಪೈರಿನ ಕಟ್ಟು ಹೊತ್ತು ಎಸೆಯಬೇಕು. ಸೀರೆಯವರದು ಒಂದಾಳು, ಲಂಗದವರದು ಅರೆಯಾಳು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ.

ಪ್ರತಿ ವರ್ಷ ನಮ್ಮ ಮನೆಯಿಂದ ಅವ್ವ ಮತ್ತು ಅಪ್ಪನ ತಂಗಿ ಇಬ್ಬರು ಹೋಗುತ್ತಿದ್ದರು. ಆ ವರ್ಷ ಅತ್ತೆ ಮದುವೆಯಾಗಿ ಪಿರಿಯಾಪಟ್ಟಣದ ಕಡೆಗೆ ಹೋಗಿದ್ದಳು. ಅವ್ವ ಹಸಿ ಬಾಣಂತಿ. ನಮಗೊಬ್ಬ ತಮ್ಮ ಹುಟ್ಟಿ ತಿಂಗಳೂ ತುಂಬಿರಲಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕುಡಿಯುವುದಕ್ಕೂ ಬಿಸಿನೀರು. ಬಾಣಂತಿ ಮೈಗೆ ತಣ್ಣೀರು ಸೋಕಿದರೆ ಮುಗಿಯಿತು ಎಂದು ಎಲ್ಲರೂ ಹೆದರುತ್ತಿದ್ದ ಕಾಲ. ಅಂದರೆ ನಾನು, ತಂಗಿ ಇಬ್ಬರೂ ಸಾಲಿನಲ್ಲಿ ನಿಲ್ಲುವವರಾದರೆ ಸರಿ. ಇಲ್ಲದಿದ್ದರೆ ಅವ್ವ ಕೆಸರಿಗಿಳಿಯಬೇಕು. ಅದೂ ಇಲ್ಲದಿದ್ದರೆ ನಮ್ಮ ಗದ್ದೆಗೆ ಆಳು ಸಾಲದೆ ಪೈರು ಒಟ್ಲಲ್ಲೇ, ಬೀಜ ಚೆಲ್ಲಿದ ಮಡಿಯಲ್ಲೇ, ಬಲಿತುಹೋಗುತ್ತದೆ.

ನಾಟಿ ಸಾಲನ್ನು ನಡೆಸುತ್ತಿದ್ದವಳು ಎದುರು ಮನೆಯ ಮುದುಕಿ. ಊರಿಗೆಲ್ಲ ಅವಳು ದೊಡ್ಡವ್ವ. ಸಾಲಿನ ಬಲಗಡೆ ಕೊನೆಯಲ್ಲಿ ಅವಳೇ ನಿಲ್ಲುವುದು, ಪದ ಎತ್ತಿಕೊಡುವುದೂ ಅವಳೇ. ಮೊದಲ ದಿನದ ನಾಟಿ ಅವಳ ಗದ್ದೆಯದೇ ಆಗಿತ್ತು. ಹಿಂದಿನ ದಿನ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡಳು.

ತಂಗಿಯ ಕಡೆ ಗಲ್ಲ ಎತ್ತಿ, "ದೊಡ್ಡೋಳು ಪರ್ವಾಗಿಲ್ಲ, ಸೀರೆ ಉಡ್ಸಿ ಕಳ್ಸು" ಅಂದಳು.

ಅವ್ವ ಒಳಗಿನಿಂದಲೇ, "ಅದು ಚಿಕ್ಕದು ಕಣಕ್ಕ. ಇನ್ನೊಂದು ದೊಡ್ಡದು" ಅಂದಳು.

ದೊಡ್ಡವ್ವ ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ನೋಡಿದಳು. "ಇದಾ? ಇದು ಕೆಸರಲ್ಲಿ ನಿಂತ್ರೆ ಕಪ್ಪೆ ಅನ್ಕಂಡು ಕೊಕ್ಕರೆ ಎತ್ಕಂಡ್ ಓಯ್ತದೆ."

ತಂಗಿ ಕಿಸಕ್ಕನೆ ನಕ್ಕು ಬಾಯಿಗೆ ಕೈ ಇಟ್ಟುಕೊಂಡಳು. ನನಗೆ ಮುಖಕ್ಕೆ ಬಿಸಿ ಬೂದಿ ಎರಚಿದ ಹಾಗಾಯಿತು. "ಸೀರೆ ಉಟ್ಕಂಡ್ ಬಂದ್ರೆ ನಿಲ್ಲಿಸ್ಕತೀಯೋ ಇಲ್ವೋ, ಅದು ಯೋಳು ದೊಡ್ಡವ್ವ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಮುದುಕಿ ಎಲೆ ಉಗಿದು ಬಂದಳು. "ಸೀರೆ ನಿಂತ್ಕಂಡ್ರೆ ನಿಲ್ಲಿಸ್ಕತೀನಿ. ಬಿಚ್ಚೋಯ್ತೋ, ಬದುವಿಗೆ ಹತ್ತಿಸ್ತೀನಿ. ಏನ್ ಅಂತೀಯ?"

"ಅಂಗೇ ಆಗ್ಲಿ."

ಅವ್ವ ಇಳಿಯಬಾರದು ಎಂದು ನಾನು ಹಟ ಹಿಡಿದೆ ಅಂತ ಊರವರು ಆಮೇಲೆ ಮೆಚ್ಚಿ ಮಾತಾಡಿದ್ದುಂಟು. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನನಗೆ ಸೀರೆ ಬೇಕಿತ್ತು. ತಂಗಿಯನ್ನು ದೊಡ್ಡೋಳು ಅಂದ ಬಾಯಿಂದಲೇ ನನ್ನನ್ನೂ ಅನ್ನಿಸಬೇಕಿತ್ತು.

ಬೆಳಗಿನ ಜಾವ ಅವ್ವ ಗೋಡೆಗೆ ಒರಗಿ ಕೂತುಕೊಂಡೇ ನಮ್ಮಿಬ್ಬರಿಗೂ ಸೀರೆ ಉಡಿಸಿದಳು. ತಂಗಿಗೆ ಹಸಿರು ಸೀರೆ ಒಂದೇ ಸಲಕ್ಕೆ ಸರಿಹೋಯಿತು. ನನಗೆ ಕೆಂಪಂಚಿನ ಕಪ್ಪು ಸೀರೆ. ಸೊಂಟದಲ್ಲಿ ಮಡಿಸಿ, ಮತ್ತೆ ಮಡಿಸಿ, ಅವ್ವನ ಕೈ ಸೋತುಹೋಯಿತು. ಒಳಗೆ ಲಂಗ ಬಿಚ್ಚದೆ ಇಟ್ಟುಕೊಂಡಿದ್ದೆ, ಸೊಂಟ ದಪ್ಪ ಕಾಣಲಿ ಎಂದು. ಸಾಲದ್ದಕ್ಕೆ ಅವ್ವನ ಪೆಟ್ಟಿಗೆಯಲ್ಲಿದ್ದ ಚೌಲಿ ಕೂದಲನ್ನು ತೆಗೆದು ನನ್ನ ಮೋಟು ಜಡೆಗೆ ಸೇರಿಸಿ ಹೆಣೆದುಕೊಂಡು ದೊಡ್ಡ ತುರುಬು ಕಟ್ಟಿದೆ. ಕುಂಕುಮವನ್ನು ಕಾಸಿನಗಲ ಇಟ್ಟುಕೊಂಡೆ. ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ್ದ ಕನ್ನಡಿಯಲ್ಲಿ ಮುಖ ಒಂದೇ ಕಾಣುತ್ತಿತ್ತು. ಆ ಮುಖ ನನಗೆ ಬಹಳ ಇಷ್ಟವಾಯಿತು.

"ನೀನು ಸೀರೆ ಉಟ್ಟಿದ್ದೀಯೋ, ಸೀರೆ ನಿನ್ನ ನುಂಗ್ಯದೋ" ಎಂದು ಅವ್ವ ನಕ್ಕಳು. ನಕ್ಕಿದ್ದಕ್ಕೆ ಹೊಟ್ಟೆ ನೋವಾಗಿ ಕೈ ಒತ್ತಿಕೊಂಡಳು. ಆಮೇಲೆ ತಂಗಿಗೆ, "ಅಕ್ಕನ ಪಕ್ಕದಲ್ಲೇ ನಿಂತ್ಕೋ" ಅಂದಳು.

ದೊಡ್ಡವ್ವನ ಗದ್ದೆ ನಾಲೆಯ ಕೆಳಗೆ ಇತ್ತು. ನಾಲೆಯ ಕಡೆಯ ಮೂಲೆ ತಗ್ಗು. ನೀರು ಜಿನುಗಿ ಜಿನುಗಿ ಅಲ್ಲಿ ಕೆಸರು ತೊಡೆಯ ಮಟ್ಟ. ಎಲ್ಲರಿಗೂ ಒಬ್ಬೊಬ್ಬರಿಗೆ ಇಷ್ಟಗಲ ಎಂದು ಪಟ್ಟೆ ಬಿಟ್ಟುಕೊಟ್ಟ ಮೇಲೆ ಉಳಿದ ಆ ಮೂಲೆ ನನಗೂ ತಂಗಿಗೂ ಬಂತು. ಹೊಸಬರಿಗೆ ಹಾಗೆಯೇ.

ನೆಡುವುದು ನೋಡಲು ಸುಲಭ. ಎಡಗೈಯಲ್ಲಿ ಪೈರಿನ ಹಿಡಿ, ಬಲಗೈಯಲ್ಲಿ ನಾಲ್ಕು ಎಸಳು ಬಿಡಿಸಿ, ಬೇರಿಗೆ ಹೆಬ್ಬೆರಳು ಊರಿ ಕೆಸರಿಗೆ ಒತ್ತಬೇಕು. ಒಂದು ಹೆಜ್ಜೆ ಹಿಂದಕ್ಕೆ, ಮತ್ತೆ ಒತ್ತಬೇಕು. ಹೆಬ್ಬೆರಳು ಊರುವುದರಲ್ಲಿಯೇ ಎಲ್ಲ ಇರುವುದು. ಮೇಲೆ ಮೇಲೆ ಸಿಕ್ಕಿಸಿದರೆ ಅವತ್ತು ಚೆನ್ನಾಗಿ ನಿಂತಿರುತ್ತದೆ, ರಾತ್ರಿ ನೀರು ಕಟ್ಟಿದರೆ ಬೆಳಿಗ್ಗೆಗೆ ತೇಲುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ನನ್ನದು.

ಸ್ವಲ್ಪ ಹೊತ್ತಿಗೆಲ್ಲ ಸೀರೆ ನೀರು ಕುಡಿಯಿತು. ಒಳಗಿನ ಲಂಗವೂ ಕುಡಿಯಿತು. ಸೊಂಟಕ್ಕೆ ಒದ್ದೆ ಗೋಣಿ ಕಟ್ಟಿದ ಹಾಗೆ. ಒಂದು ಕೈ ಸೀರೆ ಹಿಡಿಯುವುದರಲ್ಲೇ ಹೋಗುತ್ತಿತ್ತು. ಸಾಲು ಹಿಂದೆ ಸರಿಯಿತು, ನಾನು ಮಾತ್ರ ಮುಂದೆ ಉಳಿದೆ. ತಂಗಿ ಏನೂ ಹೇಳದೆ ತನ್ನ ಪಟ್ಟೆಯ ಜೊತೆಗೆ ನನ್ನದರಲ್ಲಿ ಒಂದಿಷ್ಟು ಅಗಲ ತೆಗೆದುಕೊಂಡು ನೆಡತೊಡಗಿದಳು. ಹೀಗಾಗಿ ಎಲ್ಲಿಯ ತನಕ ಅವಳದು, ಎಲ್ಲಿಂದ ನನ್ನದು ಅನ್ನುವುದು ನಮ್ಮಿಬ್ಬರನ್ನು ಬಿಟ್ಟು ಬೇರೆಯವರಿಗೆ ತಿಳಿಯದಂತಾಯಿತು.

ಹಾಗೆ ಬಗ್ಗಿದ್ದಾಗ ನನ್ನ ತುರುಬು ಸಡಿಲಗೊಂಡು ಚೌಲಿ ಜಾರಿ ನೀರಿಗೆ ಬಿತ್ತು. ಕರ್ರಗೆ ಉದ್ದಕ್ಕೆ ಹೊರಳಿಕೊಂಡು ಪಕ್ಕದ ಹೆಂಗಸಿನ ಕಾಲಿನ ಹತ್ತಿರ ಹೋಯಿತು.

"ಅಯ್ಯಯ್ಯಪ್ಪೋ, ಹಾವು!"

ಸಾಲೆಲ್ಲ ಕಿರುಚಿಕೊಂಡು ಬದುವಿಗೆ ಹತ್ತಿತು. ಒಬ್ಬಳು ಬಿದ್ದು ಮುಖವೆಲ್ಲ ಕೆಸರು ಮಾಡಿಕೊಂಡಳು. ದೊಡ್ಡವ್ವ ಮಾತ್ರ ನಿಂತ ಕಡೆಯೇ ನಿಂತು, ಕಣ್ಣು ಕಿರಿದು ಮಾಡಿ ನೋಡಿ, "ಯಾವಳ್ದೇ ಇದು? ಹಾವಿಗೆ ಯಾವತ್ತಿಂದ ಎಣ್ಣೆ ಹಚ್ಚಿ ಬಾಚ್ತಾರೆ?" ಅಂದಳು.

ಬದುವಿನ ಮೇಲೆ ನಗು ಎದ್ದಿತು. ನಾನು ಬಗ್ಗಿದವಳು ತಲೆ ಎತ್ತಲಿಲ್ಲ. ಆಗ ತಂಗಿ ಕೆಸರಲ್ಲಿ ನಡೆದು ಹೋಗಿ ಚೌಲಿಯನ್ನು ಎತ್ತಿ ನೀರಲ್ಲಿ ಜಾಲಿಸಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಂದು ಕಣ್ ದೊಡ್ಡವ್ವ" ಅಂದಳು.

"ನಿಂಗ್ಯಾಕಮ್ಮಿ? ನಿನ್ ಜಡೆನೇ ಹಗ್ಗದಂಗದೆ!"

"ಇನ್ನೂ ಬೇಕು ಅನ್ನುಸ್ತು."

ಅವತ್ತೆಲ್ಲ ಹೆಂಗಸರು ಅವಳನ್ನು ಹಾವಿನವಳೇ ಎಂದು ಕರೆದರು. ಅವಳು ನಕ್ಕಳು. ನನ್ನ ಕಡೆ ನೋಡಲೂ ಇಲ್ಲ, ಎಲ್ಲಿ ನೋಡಿದರೆ ಗೊತ್ತಾಗಿಬಿಡುತ್ತದೋ ಎಂದು. ಅವಳು ಹಾಗೆ ಮಾಡಿದ್ದು ನನ್ನ ಮೇಲಿನ ಪ್ರೀತಿಗೆ. ಇವಳ ಹೆಗಲಿಗೆ ಏನು ಹೊರಿಸಿದರೂ ಹೊರುತ್ತಾಳೆ ಎಂದು ನಾನು ಅದರಿಂದ ಕಲಿತುಕೊಂಡೆ.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಮೂಲೆಯ ತಗ್ಗಿಗೆ ಬಂದೆವು. ಸೀರೆಯ ಭಾರಕ್ಕೆ ಕಾಲು ಕಿತ್ತು ಇಡಲಾಗುತ್ತಿಲ್ಲ. ಸಾಲಿನವರು ಮುಗಿಸಿ ಕೈ ತೊಳೆಯುತ್ತಿದ್ದಾರೆ. ಬಿಚ್ಚೋಯ್ತೋ, ಬದುವಿಗೆ ಹತ್ತಿಸ್ತೀನಿ ಅಂದದ್ದು ಕಿವಿಯಲ್ಲೇ ಇತ್ತು. ನಾನು ಹೆಬ್ಬೆರಳು ಊರುವುದನ್ನು ಬಿಟ್ಟೆ. ಹಿಡಿ ಹಿಡಿಯಾಗಿ ಕೆಸರಿನ ಮೇಲೆ ಸಿಕ್ಕಿಸಿಕೊಂಡು ಹಿಂದೆ ಬಂದೆ. ದೂರದಿಂದ ನೋಡಿದರೆ ಎಲ್ಲ ಹಸಿರು. "ನಿಂತ್ಕಂಡ್ಯಲ್ಲೇ ಕಪ್ಪೆ" ಎಂದು ದೊಡ್ಡವ್ವ ಬೆನ್ನು ತಟ್ಟಿದಳು. ಮನೆಗೆ ಬರುವಾಗ ಕಾಲು ನೆಲದ ಮೇಲಿರಲಿಲ್ಲ.

ಮಾರನೆಯ ಬೆಳಿಗ್ಗೆ ಪಕ್ಕದ ತಾಕಿಗೆ ಹೋದರೆ ದೊಡ್ಡವ್ವ ನಿನ್ನೆಯ ಮೂಲೆಯ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ರಾತ್ರಿ ನೀರು ಕಟ್ಟಿದ್ದರು. ನಮ್ಮ ಪಟ್ಟೆಯಲ್ಲಿ ಒಂದು ಅಗಲದಷ್ಟು ಪೈರೆಲ್ಲ ಕಿತ್ತುಬಂದು, ಗಾಳಿಗೆ ಒಂದು ಕಡೆ ಸೇರಿಕೊಂಡು ತೇಲುತ್ತಿತ್ತು. ಅದರ ಪಕ್ಕದಲ್ಲಿ ತಂಗಿಯದು ನೆಟ್ಟ ಹಾಗೆಯೇ ನಿಂತಿತ್ತು.

"ಈ ಪಟ್ಟೆ ನಿಮ್ಮಿಬ್ಬರಲ್ಲಿ ಯಾವಳ್ದು?"

ಅವಳು ಕೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತೂ ಆಗಲಿಲ್ಲ. "ತಂಗೀದು" ಅಂದೆ.

ತಂಗಿ ನನ್ನನ್ನು ನೋಡಿದಳು. ಆಮೇಲೆ ನೀರಿನ ಕಡೆ ನೋಡಿದಳು. ಇಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. ದೊಡ್ಡವ್ವನಿಗೆ ಅಷ್ಟೇ ಸಾಕಾಯಿತು.

"ಮೈ ಬೆಳೆದ್ರೆ ಸಾಕಾ, ಬುದ್ಧಿ ಬೆಳೀಬ್ಯಾಡ್ವಾ? ಜಡೆಗೆ ಚೌಲಿ ಹಾಕ್ಕಳೋದ್ರಲ್ಲೇ ಇದ್ದಾಳೆ ಮೂಳಿ. ಹೋಗು, ಸೀರೆ ಬಿಚ್ಚಿಟ್ಟು ಲಂಗ ಹಾಕ್ಕಂಡ್ ಬಾ. ನೀನು ಕಟ್ಟು ಹೊರು."

ಅವಳು ಮನೆಗೆ ಹೋಗಿ ಲಂಗ ಹಾಕಿಕೊಂಡು ಬಂದಳು. ದಿನವೆಲ್ಲ ಬದುವಿನ ಮೇಲೆ ಪೈರಿನ ಕಟ್ಟು ಹೊತ್ತಳು. ನನ್ನ ಪಕ್ಕಕ್ಕೆ ಎಸೆಯುವಾಗ ಮಾತ್ರ ನನ್ನ ಮೇಲೆ ಕೆಸರು ಸಿಡಿಯದ ಹಾಗೆ ನಿಧಾನಕ್ಕೆ ಎಸೆಯುತ್ತಿದ್ದಳು. ನನಗೆ ನಾಚಿಕೆಯಾಯಿತು ಎಂದು ಬರೆಯಬಹುದಿತ್ತು. ಅವತ್ತು ಆಗಲಿಲ್ಲ. ಅವತ್ತು ಅವಳು ಲಂಗದಲ್ಲಿ, ನಾನು ಸೀರೆಯಲ್ಲಿ. ದಾರಿಯಲ್ಲಿ ಹೋಗುವವರು ಯಾರು ನೋಡಿದರೂ ಅಕ್ಕ ಯಾರು, ತಂಗಿ ಯಾರು ಎಂದು ಕೇಳುವ ಹಾಗಿರಲಿಲ್ಲ. ನಾನು ಪದಕ್ಕೆ ದನಿ ಸೇರಿಸಿ ಹಾಡಿದೆ.

ಸಂಜೆ ದೊಡ್ಡವ್ವ ನಮ್ಮ ಬಾಗಿಲಿಗೆ ಬಂದಳು. ಕೂರಲಿಲ್ಲ. "ಬಾಣಂತಿಗೆ ಯೋಳ್ಬಾರ್ದು. ಆದ್ರೂ ನಿಮ್ಮನೆ ಆಳಲ್ಲಿ ಒಂದು ಅರೆಯಾಳಾಯ್ತಲ್ಲ ಕಣವ್ವ. ಬೇರೆ ಮನೆಯೋರು ನನ್ನ ಕೇಳ್ತಾರೆ" ಅಂದಳು. ತೇಲಿದ ಪಟ್ಟೆಯ ವಿಷಯವನ್ನೂ ಹೇಳಿ ಹೋದಳು.

ಅವ್ವ ತಂಗಿಯನ್ನು ಬೈಯಲಿಲ್ಲ. "ಕಾಲು ನೋವಿತ್ತೇನವ್ವ?" ಎಂದಷ್ಟೇ ಕೇಳಿದಳು. ತಂಗಿ ತಲೆಯಾಡಿಸಿದಳು. ಒಲೆಯ ಮುಂದೆ ಕೂತಿದ್ದ ನಾನು ಸೌದೆ ಮುಂದಕ್ಕೆ ತಳ್ಳಿದೆ.

ಬೆಳಿಗ್ಗೆ ಎದ್ದರೆ ಅವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟುತ್ತಿದ್ದಳು.

ಅಪ್ಪ, "ನಿಂಗೇನ್ ತಲೆ ಕೆಟ್ಟದಾ? ಬ್ಯಾಡ ಬುಡು" ಅಂದ.

"ನಾಳೆ ನಮ್ಮ ಗದ್ದೆಗೆ ಯಾರ್ ಬತ್ತಾರೆ? ಕೆಟ್ಟಿರೋದನ್ನಾದ್ರೂ ನೆಟ್ಟು ಕೊಟ್ಟು ಬತ್ತೀನಿ. ನಮ್ಮನೆ ಆಳು ಮಾಡಿದ್ದಲ್ವಾ."

ನಾನು ಅಲ್ಲೇ ನನ್ನ ಸೀರೆಯ ಮಡಿಕೆ ಎಣಿಸುತ್ತಿದ್ದೆ. ಬಾಯಿ ಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಮನೆಯ ಒಳಗೆ, ನಮ್ಮವರ ಮುಂದೆ, ಇಬ್ಬರು ಬೈದು ಮುಗಿಯುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಈ ಸೀರೆ ಬಿಚ್ಚಬೇಕಾಗುತ್ತಿತ್ತು.

ನಾಲೆಯ ಏರಿಯ ಹೊಂಗೆ ಮರಕ್ಕೆ ಬಟ್ಟೆ ಕಟ್ಟಿ ತಮ್ಮನನ್ನು ಮಲಗಿಸಿದರು. ತಂಗಿ ತೂಗುತ್ತಾ ಕೂತಳು. ದೊಡ್ಡವ್ವ ಎರಡು ಸಲ ಬೇಡ ಅಂದಳು. ಅವ್ವ ಕಿವಿಯ ಹತ್ತಿಯನ್ನು ಒತ್ತಿಕೊಂಡು, ಬಟ್ಟೆ ಬಿಗಿದುಕೊಂಡು ಆ ಮೂಲೆಯ ತಗ್ಗಿಗೆ ಇಳಿದಳು. ಹೆರಿಗೆಯಾಗಿ ಇನ್ನೂ ಬಲ ಬಾರದ ಮೈ. ಒಂದೊಂದು ಹೆಜ್ಜೆಗೂ ತೊಡೆಯ ತನಕ ಹೂತುಹೋಗುತ್ತಿದ್ದಳು. ಆಷಾಢದ ಗಾಳಿ, ನಾಲೆಯ ತಣ್ಣೀರು. ನಾವು ಪಕ್ಕದ ತಾಕಿನಲ್ಲಿ ಸಾಲು ನಿಂತಿದ್ದೆವು. ನಾನು ನೆಡುತ್ತಲೇ ಇದ್ದೆ. ಅವ್ವ ಆ ಪಟ್ಟೆಯಲ್ಲಿ ಒಂದು ಸಾಲು ಪೂರ್ತಿ ಮುಗಿಸಿ ಎರಡನೆಯದಕ್ಕೆ ಕೈಹಾಕಿದಳು. ಅಷ್ಟು ಹೊತ್ತು ನಾನು ಸುಮ್ಮನಿದ್ದೆ. ಇಷ್ಟು ವರ್ಷವೂ ನನ್ನನ್ನು ಬಿಡದೆ ಇರುವುದು ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ ಆ ಒಂದು ಸಾಲಿನಷ್ಟು ಹೊತ್ತು.

ತಮ್ಮ ಎದ್ದು ಅತ್ತ. ಹಾಲಿನ ಅಳು. ಅವ್ವ ಹೊರಟು ಕಾಲು ಕೀಳಲು ನೋಡಿದಳು, ಬರಲಿಲ್ಲ. ಇನ್ನೊಂದು ಕಾಲಿಗೆ ಭಾರ ಬಿಟ್ಟಳು, ಅದು ಇನ್ನೂ ಕೆಳಗೆ ಹೋಯಿತು. ಕೈಗೆ ಹಿಡಿಯಲು ಏನೂ ಇಲ್ಲದೆ ಎರಡೂ ಕೈಯನ್ನು ನೀರಿಗೆ ಊರಿ ನಿಂತಳು. ಎದೆಯ ಬಟ್ಟೆಯೆಲ್ಲ ಒದ್ದೆ. ಮರದ ಕೆಳಗೆ ತಂಗಿ ಮಗು ಬಿಟ್ಟು ಬರಲಾರದೆ ಎದ್ದು ನಿಂತು, "ಅಕ್ಕಾ!" ಎಂದು ಕೂಗಿದಳು.

ಅವಳು ದೊಡ್ಡವ್ವನನ್ನು ಕೂಗಲಿಲ್ಲ, ಅಲ್ಲಿದ್ದ ಅಷ್ಟು ಹೆಂಗಸರಲ್ಲಿ ಯಾರನ್ನೂ ಕೂಗಲಿಲ್ಲ. ನನ್ನನ್ನು ಕೂಗಿದಳು.

ನಾನು ಕೈಯಲ್ಲಿದ್ದ ಪೈರನ್ನು ಬಿಸಾಕಿ, "ತೇಲಿದ್ದು ನಂದು! ಅವಳ್ದಲ್ಲ, ನಂದು!" ಎಂದು ಕೂಗಿಕೊಂಡೇ ಓಡಿದೆ. ಸೀರೆ ಕಾಲಿಗೆ ತೊಡರಿ ಬದುವಿನ ಮೇಲೆ ಬಿದ್ದೆ. ಎದ್ದು ಅಲ್ಲೇ ಮಡಿಕೆ ಕಿತ್ತು ಸೀರೆಯನ್ನು ಬಿಚ್ಚಿ ಎಸೆದೆ. ಒಳಗಿನ ಲಂಗವನ್ನು ಕಚ್ಚೆ ಹಾಕಿ ತಗ್ಗಿಗೆ ಇಳಿದೆ. ನನ್ನ ಮೈ ಹಗುರ, ಕಾಲು ಮೊಣಕಾಲಿನ ತನಕ ಮಾತ್ರ ಹೂತಿತು. ಅಲ್ಲಿಗೆ ಬರಲು ನೋಡಿದ ಇನ್ನಿಬ್ಬರು ಹೆಂಗಸರು ಎರಡು ಹೆಜ್ಜೆಗೇ ಹೂತು ನಿಂತರು. ನಾನು ಅವ್ವನ ಹತ್ತಿರ ಹೋಗಿ ಕೂತು, ಕೈಯಿಂದ ಅವಳ ಕಾಲಿನ ಸುತ್ತ ಕೆಸರು ತೋಡಿ, ಹಿಮ್ಮಡಿ ಹಿಡಿದು ಮೇಲಕ್ಕೆ ಎತ್ತಿದೆ. ಒಂದು ಕಾಲು, ಆಮೇಲೆ ಇನ್ನೊಂದು. ನನ್ನ ಹೆಗಲಿಗೆ ಕೈ ಊರಿಕೊಂಡು ಅವಳು ಬದು ಹತ್ತಿದಳು.

ಅವ್ವ ಮರದ ಕೆಳಗೆ ಹೋಗಿ ಮಗುವನ್ನು ಎದೆಗೆ ಹಾಕಿಕೊಂಡಳು. ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ತಂಗಿ ನಾನು ಎಸೆದ ಸೀರೆಯನ್ನು ಎತ್ತಿಕೊಂಡು ಬಂದು, ಒದ್ದೆಯಾಗದ ಕಡೆ ನೋಡಿ ಅವಳಿಗೆ ಹೊದಿಸಿದಳು.

ದೊಡ್ಡವ್ವ ನನ್ನ ಹತ್ತಿರ ಬಂದಳು. "ಬಾಯಿ ಇವತ್ ಬಂತಾ ನಿಂಗೆ?"

ಎಲ್ಲರೂ ನಿಂತು ನೋಡುತ್ತಿದ್ದರು. ಚೌಲಿ ಇಲ್ಲದ ಮೋಟು ಜಡೆ, ಕೆಸರು ಲಂಗ, ಎಲುಬು ಕಾಣುವ ಕಾಲು. ಹೀಗೆ ನೋಡಿಬಿಡುತ್ತಾರೆ ಎಂದೇ ಅಲ್ಲವೇ ಅಷ್ಟೆಲ್ಲ ಮಾಡಿದ್ದು. ನೋಡಿಯಾಯಿತು. ಇನ್ನು ಮುಚ್ಚುವುದಕ್ಕೆ ಏನೂ ಉಳಿದಿರಲಿಲ್ಲ.

"ಚೌಲಿನೂ ನಂದೇ. ಈ ಮೂಲೆ ನಾನೇ ನೆಡ್ತೀನಿ, ಲಂಗದಲ್ಲೇ ನೆಡ್ತೀನಿ. ತೇಲಿದ್ರೆ ನಮ್ಮ ಗದ್ದೆಗೆ ಯಾರೂ ಬರಬ್ಯಾಡಿ. ತೇಲ್ದೆ ಇದ್ರೆ ನಂದು ಒಂದಾಳು, ತಂಗೀದು ಒಂದಾಳು. ಅವ್ವ ಮನೇಲಿ ಇರ್ತಾಳೆ."

"ಕಪ್ಪೆ ವಟಗುಟ್ಟೋದು ನೋಡ್ರೇ" ಅಂದಳು ಒಬ್ಬಳು. ದೊಡ್ಡವ್ವ ಅವಳಿಗೆ, "ನೀನು ಹೋಗ್ ನೆಡು ಆ ತಗ್ಗಲ್ಲಿ, ನೋಡುವಾ" ಅಂದಳು.

ಅವತ್ತು ಆ ಪಟ್ಟೆಯನ್ನು ನಾನೊಬ್ಬಳೇ ನೆಟ್ಟೆ. ಯಾರ ಜೊತೆಗೂ ಸಮ ಬರಬೇಕಾಗಿರಲಿಲ್ಲ. ಬಗ್ಗಿದರೆ ನೆಲ ನನಗೆ ಹತ್ತಿರ. ಕೆಸರು ನನ್ನನ್ನು ಹಿಡಿಯಲಿಲ್ಲ. ಒಂದೊಂದಕ್ಕೂ ಹೆಬ್ಬೆರಳು ಊರಿದೆ. ಉಗುರಿನ ಸಂದಿ ಸೀಳಿ ಉರಿಯುತ್ತಿತ್ತು, ಆದರೂ ಊರಿದೆ. ಹೊತ್ತು ಇಳಿಯುವ ಮೊದಲು ಮುಗಿಯಿತು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ದೊಡ್ಡವ್ವ ಅಲ್ಲಿದ್ದಳು. ನೀರಿನ ಮೇಲೆ ಒಂದು ಎಸಳೂ ಇರಲಿಲ್ಲ. ಅವಳಿಗೆ ಅಷ್ಟು ಸಾಲಲಿಲ್ಲ. ಬಗ್ಗಿ ಒಂದು ಗುತ್ತಿ ಪೈರಿನ ತುದಿ ಹಿಡಿದು ಎಳೆದಳು. ಗರಿ ಕಿತ್ತು ಅವಳ ಕೈಗೆ ಬಂತು, ಬೇರು ಅಲ್ಲಾಡಲಿಲ್ಲ. ಕೈಲಿದ್ದ ಹಸಿರನ್ನು ನೋಡಿ ನೀರಿಗೆ ಹಾಕಿ, "ಹೂಂ. ನಿನ್ ತಂಗೀನೂ ಕರ್ಕಂಡ್ ಬಾ, ಸಾಲಿಗೆ" ಅಂದಳು.

ತಂಗಿಯನ್ನು ಕರೆಯಲು ಹೋದೆ. ಅವಳು ಹಿತ್ತಲಲ್ಲಿ ನನ್ನ ಕೆಸರಿನ ಸೀರೆಯನ್ನು ಬೇಲಿಯ ಮೇಲೆ ಹರಡುತ್ತಿದ್ದಳು.

"ನಾನು ಸುಳ್ಳು ಯೋಳ್ದಾಗ ನೀನ್ಯಾಕೆ ಸುಮ್ಮನಿದ್ದೆ?" ಎಂದು ಕೇಳಿದೆ.

ಅವಳು ಸೀರೆಯ ಅಂಚು ಎಳೆದು ಸರಿಮಾಡಿದಳು. "ನಂಗೆ ಸೀರೆ ಬೇಕಾಗಿರ್ಲಿಲ್ಲ ಕಣೇ. ಎಲ್ಲರೂ ದೊಡ್ಡೋಳು ದೊಡ್ಡೋಳು ಅಂತ ಎಲ್ಲ ಕೆಲ್ಸನೂ ನನ್ ಮೇಲೇ ಹಾಕ್ತಾರೆ. ಬದುವಿನ ಮೇಲೆ ಇದ್ರೆ ಏಡಿ ಹಿಡೀಬೋದು." ನನ್ನ ಕಡೆ ತಿರುಗದೆ, "ಆದ್ರೆ ನೀನು ನನ್ ಹೆಸ್ರು ಯೋಳ್ಬಾರ್ದಿತ್ತು ಅಕ್ಕ" ಅಂದಳು.

ನಾನು ಸೀರೆಯ ಇನ್ನೊಂದು ತುದಿ ಹಿಡಿದು ಬೇಲಿಗೆ ಹರಡಿದೆ. ನಾವಿಬ್ಬರೂ ಲಂಗದಲ್ಲೇ ಗದ್ದೆಗೆ ಹೋದೆವು. ಇಬ್ಬರನ್ನೂ ಒಂದೊಂದಾಳು ಎಂದೇ ಹಿಡಿದರು. ನಮ್ಮ ನಾಟಿಯ ದಿನ ಬರಬೇಕಾದವರೆಲ್ಲ ಬಂದರು. ಆಮೇಲೆ ಯಾರ ಗದ್ದೆಯಲ್ಲಿ ತಗ್ಗಿನ ಮೂಲೆ ಇದ್ದರೂ ಅದು ನನಗೇ ಬರುತ್ತಿತ್ತು. ಕಪ್ಪೆ ಅನ್ನುವ ಹೆಸರೂ ಉಳಿಯಿತು. ಕರೆದರೆ ಓ ಎನ್ನುತ್ತಿದ್ದೆ. ತೊಲೆಗೆ ಜೋತುಬೀಳುವುದನ್ನು ಬಿಟ್ಟೆ. ಮದುವೆಯಾಗಿ ನಿಜವಾಗಿ ಸೀರೆ ಉಡುವ ಕಾಲ ಬಂದಾಗಲೂ ನಾನು ಅಷ್ಟೇ ಇದ್ದೆ, ಸೀರೆಯನ್ನು ಒಂದು ಮಡಿಕೆ ಹೆಚ್ಚು ಮಡಿಸಿ ಉಟ್ಟೆ. ಯಾರಾದರೂ ನಕ್ಕರೆ ನಾನೂ ನಕ್ಕೆ.

ಅವ್ವನಿಗೆ ಕೆಸರಿಗಿಳಿದ ದಿನ ರಾತ್ರಿ ಬಂದ ಜ್ವರ ಒಂದು ವಾರಕ್ಕೆ ಬಿಟ್ಟಿತು. ಆದರೆ ಬಲಮೊಣಕಾಲಿನ ನೋವು ಬಿಡಲಿಲ್ಲ. ಪ್ರತಿ ವರ್ಷ ಮುಂಗಾರಿನ ಗಾಳಿ ಬೀಸಿದ ಕೂಡಲೇ ಶುರುವಾಗುತ್ತಿತ್ತು. ವಯಸ್ಸಾಯ್ತಲ್ಲ ಅನ್ನುತ್ತಿದ್ದಳು, ಮೂವತ್ತು ತುಂಬುವ ಮೊದಲಿನಿಂದಲೂ ಹಾಗೆಯೇ ಅನ್ನುತ್ತಿದ್ದಳು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಮಳೆಗಾಲದಲ್ಲಿ ನಾನು ಗಂಡನ ಮನೆಯಿಂದ ಹೇಗಾದರೂ ಮಾಡಿ ಬಂದು ನಾಲ್ಕು ದಿನ ಇರುತ್ತಿದ್ದೆ. ಯಾರು ಬೇಡ ಅಂದರೂ ಬರುತ್ತಿದ್ದೆ. ಹರಳೆಣ್ಣೆ ಬಿಸಿಮಾಡಿ ಅವಳ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದೆ. ತಂಗಿ ತಿಕ್ಕುತ್ತೇನೆ ಅಂದರೆ ಅವ್ವ ಒಪ್ಪುತ್ತಿರಲಿಲ್ಲ. "ಅವಳ ಕೈ ದೊಡ್ಡದು, ಮೇಲ್ಮೇಲೆ ಓಯ್ತದೆ. ನಿಂದು ಚಿಕ್ಕದು, ಸಂದಿಗೆ ಸೇರ್ತದೆ" ಅನ್ನುತ್ತಿದ್ದಳು.

ನಾನು ತಲೆ ಎತ್ತದೆ, ಮಂಡಿಯ ಸಂದಿಗೆ ಹೆಬ್ಬೆರಳು ಊರಿ ಒತ್ತುತ್ತಿದ್ದೆ.